ನಂ. 4 ಲೀ-ಎನ್‌ಫೀಲ್ಡ್ ಬೋಲ್ಟ್: ಒಂದೇ ಬೋಲ್ಟ್ ಮೇಲೆ ಎರಡು ಫ್ಯಾಕ್ಟರಿ ಗುರುತು

ಪಟ್ಟಿದಾರ:
ನಮಸ್ಕಾರ. ಹಳೇ ರೈಫಲ್‌ಗಳ ಒಂದು ಸಂಗ್ರಹಕ್ಕೆ ಪಟ್ಟಿ ಬರೆಯುತ್ತಿದ್ದೇನೆ. .303 ಕ್ಯಾಲಿಬರ್‌ನ ನಂ. 4 ಮಾರ್ಕ್ 1* (ಬ್ರಿಟಿಷ್ ಸೈನ್ಯದ ಲೀ-ಎನ್‌ಫೀಲ್ಡ್ ರೈಫಲ್) ಒಂದರ ಬೋಲ್ಟ್, ಅಂದರೆ ನಳಿಗೆಯ ಹಿಂಬದಿ ಮುಚ್ಚುವ, ಹಿಡಿಯಿಂದ ಹಿಂದೆ ಮುಂದೆ ಓಡಿಸುವ ಭಾಗ, ನನ್ನ ತಲೆ ತಿನ್ನುತ್ತಿದೆ. ಹಿಡಿಯ ಹಿಂಬದಿಯಲ್ಲಿರುವ ನಂಬರ್ ರೈಫಲ್ ನಂಬರಿಗೆ ಸರಿಯಾಗಿ ಹೊಂದುತ್ತದೆ, ನಡುವೆ ಸಿ ಅಕ್ಷರ ಇದೆ. ಆದರೆ ಅದರ ಮೇಲೆ ಗೆರೆ ಹೊಡೆದ ಇನ್ನೊಂದು ನಂಬರ್ ಕಾಣುತ್ತದೆ. ಬೋಲ್ಟ್ ಮೈ ಮೇಲೆ ಮೂಲೆಗಳು ಚೌಕವಾಗಿರುವ ಎಸ್. ಬೋಲ್ಟಿನ ಮುಂತುದಿಯಲ್ಲಿರುವ ಬೋಲ್ಟ್ ಹೆಡ್ ಮೇಲೆ ಮಾತ್ರ ಎಲ್‌ಬಿ, ಪಕ್ಕದಲ್ಲಿ 2. ಮೈ ತುಂಬ ಸುತ್ತು ಗೆರೆಗಳು, ಬಲಗಡೆ ಉದ್ದ ಪಟ್ಟಿಯ ಮೇಲೆ ಹೊಳೆಯುವ ಗೀರುಗಳು. ಯಾರೋ ಉಜ್ಜಿ ಜೋಡಿಸಿದ್ದಾ? ತಯಾರಕರು ಯಾರು ಅಂತ ಬರೆಯಲಿ?

ಖಾಲಿ ಕಾಟ್ರಿಜ್:
ಎರಡು ಫ್ಯಾಕ್ಟರಿ ಗುರುತು, ಹೊಡೆದು ಹಾಕಿದ ನಂಬರ್. ಇನ್ನೇನು ಬೇಕು? ಜೋಡಿಸಿದ್ದೇ. ಬೆಲೆ ಅರ್ಧ.

ಟೂಲ್‌ರೂಂ ಅಕ್ಕ:
ಬೆಲೆ ಯಾರೂ ಕೇಳಲಿಲ್ಲವಲ್ಲ! ಬೋಲ್ಟ್ ನೋಡೋಣ.

ಆ ಎಸ್ ಸ್ಯಾವೇಜ್ ಕಂಪನಿಯದು. ಅಮೆರಿಕದ ಮ್ಯಾಸಚೂಸೆಟ್ಸ್‌ನ ಚಿಕೊಪೀ ಫಾಲ್ಸ್‌ನಲ್ಲಿ ಮಾಡಿದ್ದು, ನಂಬರಿನಲ್ಲಿರುವ ಸಿ ಅದೇ ಊರಿನದು. ಎಲ್‌ಬಿ ಅಂದರೆ ಕೆನಡಾದ ಲಾಂಗ್ ಬ್ರಾಂಚ್ ಫ್ಯಾಕ್ಟರಿ, ಅವರ ನಂಬರಿನಲ್ಲಿ ಎಲ್ ಬರುತ್ತದೆ. ಅಕ್ಷರ ಆ ಬಿಡಿಭಾಗವನ್ನು ಮಾಡಿದವರದು, ನಂಬರ್ ಅದನ್ನು ರೈಫಲ್‌ಗೆ ಕೂರಿಸಿದವರದು. ಎರಡನ್ನೂ ಒಂದೇ ಕಾಲಂನಲ್ಲಿ ಬರೆದರೆ ಮುಂದೆ ನಿಮ್ಮ ಪಟ್ಟಿ ಓದುವವರು ಒದ್ದಾಡುತ್ತಾರೆ.

ಬೋಲ್ಟ್ ಹೆಡ್ ತಿರುಪಿನಲ್ಲಿ ಕೂರುವ ಬೇರೆ ಭಾಗ. 0ಯಿಂದ 3ರವರೆಗೆ ಅಳತೆ ಇರುತ್ತದೆ, 0 ಗಿಡ್ಡ, 3 ಉದ್ದ. ಆರ್ಮರರ್, ಅಂದರೆ ಸೈನ್ಯದ ಬಂದೂಕು ರಿಪೇರಿಯವನು, ಗೇಜ್ (ಅಳತೆಯ ಸಾಧನ) ಇಟ್ಟು ನೋಡಿ ಸರಿಹೋಗುವ ಹೆಡ್ ಹಾಕುತ್ತಿದ್ದ. ಯಾವ ಫ್ಯಾಕ್ಟರಿಯದು ಅನ್ನುವುದು ಅವನಿಗೆ ಬೇಕಾಗಿರಲಿಲ್ಲ. ಹಾಗಾಗಿ ಎಸ್ ಮೈಗೆ ಎಲ್‌ಬಿ ಹೆಡ್ ಇದ್ದರೆ ಅದರಿಂದಲೇ ಅನುಮಾನ ಪಡಬೇಕಿಲ್ಲ.

ಈಗ ಗೆರೆಗಳು. ನಾನು ಗ್ರೈಂಡಿಂಗ್ ಮೆಷಿನ್ ಮುಂದೆ ನಿಂತವಳು, ಇದರ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ. ಸುತ್ತು ಗೆರೆ ಲೇತ್ ಬಿಟ್ಟಿದ್ದು. ಮಿಲ್ಲಿಂಗ್ ಕಟರ್ ಚಪ್ಪಟೆ ಜಾಗದಲ್ಲಿ ಸಾಲಾಗಿ ಬಿಲ್ಲಿನಂಥ ಗೆರೆ ಬಿಡುತ್ತದೆ. ಗ್ರೈಂಡಿಂಗ್ ಗೆರೆ ತುಂಬಾ ಸಣ್ಣ, ಎಲ್ಲವೂ ಒಂದೇ ದಿಕ್ಕಿಗೆ. ಕೈಯಲ್ಲಿ ಫೈಲ್ ಹಾಕಿದ್ದರೆ ಗೆರೆ ಅಡ್ಡಾದಿಡ್ಡಿ, ಅಂಚು ದುಂಡಾಗಿರುತ್ತದೆ. ಯುದ್ಧಕಾಲದಲ್ಲಿ ಕೆಲಸಕ್ಕೆ ಬಾರದ ಕಡೆ ಪಾಲಿಶ್ ಮಾಡುತ್ತಾ ಕೂರುತ್ತಿರಲಿಲ್ಲ. ಒರಟು ಗೆರೆ ಕಂಡ ತಕ್ಷಣ ಕಳಪೆ ಅನ್ನಬೇಡಿ.

ಗೆರೆಯೊಳಗೆ ಕಪ್ಪು ಫಿನಿಶ್ ಇದೆಯಾ ನೋಡಿ. ಇದ್ದರೆ ಗೆರೆ ಮೊದಲು, ಫಿನಿಶ್ ಆಮೇಲೆ. ಬೋಲ್ಟ್ ಹಿಂದೆ ಮುಂದೆ ಓಡುವ ದಿಕ್ಕಿನಲ್ಲೇ ಇರುವ ಹೊಳೆಯುವ ಗೀರು ಸುಮ್ನೆ ಸವೆತ. ಅದು ದಿಬ್ಬಗಳ ತಲೆ ಸವೆಸುತ್ತದೆ, ತಗ್ಗಿನಲ್ಲಿ ಹಳೇ ಬಣ್ಣ ಹಾಗೇ ಉಳಿಯುತ್ತದೆ.

ನಂಬರಿಗೂ ಹೀಗೇ ಪರೀಕ್ಷೆ. ಪಂಚ್ ಹೊಡೆದಾಗ ಅಕ್ಷರದ ಅಂಚಿನಲ್ಲಿ ಲೋಹ ಸ್ವಲ್ಪ ಮೇಲೇಳುತ್ತದೆ. ಉಗುರಿಗೂ ಸಿಗುತ್ತದೆ. ಆ ಏರು ಚಪ್ಪಟೆಯಾಗಿ, ಗ್ರೈಂಡಿಂಗ್ ಗೆರೆ ಅದರ ಮೇಲೆ ಹಾದು ಹೋಗಿದ್ದರೆ ನಂಬರ್ ಮೊದಲಿನದು. ಏರು ಹಾಗೇ ಇದ್ದರೆ ಗ್ರೈಂಡಿಂಗ್ ಆದಮೇಲೆ ಹೊಡೆದದ್ದು. ಟಾರ್ಚನ್ನು ಪಕ್ಕದಿಂದ, ಆದಷ್ಟು ತಗ್ಗಿಸಿ ಹಿಡಿದು ಫೋಟೋ ತೆಗೆಯಿರಿ. ಎಮರಿ ಪೇಪರ್ ಮುಟ್ಟಬೇಡಿ, ದಯವಿಟ್ಟು. ಹತ್ತಿ, ಸ್ವಲ್ಪ ಎಣ್ಣೆ, ಅಷ್ಟೇ.

ಅಂದಹಾಗೆ, ರೈಫಲ್ ಬಾಡಿಯ ಎಡಗಡೆ ಎಫ್‌ಟಿಆರ್ ಅಂತ ಇದೆಯಾ?

ಪಟ್ಟಿದಾರ:
ಇದೆ ಅಕ್ಕ! ಯು.ಎಸ್. ಪ್ರಾಪರ್ಟಿ ಅಂತಲೂ ಇದೆ. ಟಾರ್ಚ್ ಹಿಡಿದು ನೋಡಿದೆ. ಹಳೇ ನಂಬರಿನ ಅಂಚು ಸಪಾಟು, ಹೊಸದರ ಅಂಚು ಎದ್ದಿದೆ. ಹೊಳೆಯುವ ಗೀರುಗಳ ತಗ್ಗಿನಲ್ಲಿ ಕಪ್ಪು ಉಳಿದಿದೆ.

ಟೂಲ್‌ರೂಂ ಅಕ್ಕ:
ಹಾಗಾದರೆ ಕತೆ ಸಲೀಸು. ಎಫ್‌ಟಿಆರ್ ಅಂದರೆ ಫ್ಯಾಕ್ಟರಿ ಥರೋ ರಿಪೇರ್, ರೈಫಲ್ ಪೂರ್ತಿ ಬಿಚ್ಚಿ ಮಾಡುವ ರಿಪೇರಿ. ಬೇರೆ ರೈಫಲ್‌ನ ಬೋಲ್ಟ್ ಹಾಕಿ, ಹಳೇ ನಂಬರಿಗೆ ಗೆರೆ ಹೊಡೆದು, ಹೊಸದು ಕೊಡುವುದು ಅಲ್ಲಿ ಮಾಮೂಲಿಯಾಗಿತ್ತು. ಈ ಬೋಲ್ಟಿಗೂ ಆಗಲೇ ಹಾಗಾಗಿರುವ ಸಾಧ್ಯತೆ ಜಾಸ್ತಿ. ಆದರೂ ಪಟ್ಟಿಯಲ್ಲಿ ಕಂಡದ್ದನ್ನಷ್ಟೇ ಬರೆಯಿರಿ: ಬೋಲ್ಟ್ ಮೈ ಸ್ಯಾವೇಜ್, ಹೆಡ್ ಲಾಂಗ್ ಬ್ರಾಂಚ್ 2, ನಂಬರ್ ಬದಲಾಗಿದೆ, ರೈಫಲ್ ಮೇಲೆ ಎಫ್‌ಟಿಆರ್ ಇದೆ. ಹಳೇ ನಂಬರಿನಲ್ಲಿ ಓದಲು ಬರುವ ಅಂಕಿಗಳನ್ನೂ ಸೇರಿಸಿ.

ಖಾಲಿ ಕಾಟ್ರಿಜ್:
ಸರಿ, ಒಪ್ಪಿದೆ. ಆದರೂ ಒಂದು ಎಸ್ ಹೆಡ್ ಹುಡುಕಿ ಹಾಕಿದರೆ ಚೆಂದ ಅಲ್ವಾ?

ಟೂಲ್‌ರೂಂ ಅಕ್ಕ:
ಬೇಡ ಮಾರಾಯ. ಹೆಡ್ ಬದಲಾದರೆ ಹೆಡ್‌ಸ್ಪೇಸ್, ಅಂದರೆ ಬೋಲ್ಟ್ ಮುಚ್ಚಿದಾಗ ಹೆಡ್‌ಗೂ ನಳಿಗೆಗೂ ನಡುವೆ ಕಾಟ್ರಿಜ್ ಅಂಚಿಗೆ ಉಳಿಯುವ ಜಾಗ, ಬದಲಾಗುತ್ತದೆ. .303ಕ್ಕೆ ಸೈನ್ಯದ ಮಿತಿ .064ರಿಂದ .074 ಇಂಚು ಇತ್ತು. ಗೇಜ್ ಇಲ್ಲದೆ ಅಕ್ಷರ ನೋಡಿ ಬದಲಾಯಿಸಿದ ಹೆಡ್ ಇರುವ ರೈಫಲನ್ನು ನಾಳೆ ಯಾರಾದರೂ ಹಾರಿಸಿದರೆ? ಆ ಎಲ್‌ಬಿ ಹೆಡ್ ಅಲ್ಲೇ ಇರಲಿ.