ಅಂಗೈಯಲ್ಲಿ ಗುಳ್ಳೆ: ಸೀತಾಳೆ ಸಿಡುಬಾ, ಎಂಪಾಕ್ಸಾ?

ಪ್ರಶ್ನೆ: ನಮಸ್ತೆ ಡಾಕ್ಟ್ರೇ. ನನ್ನ ತಮ್ಮ ದುಬೈಯಿಂದ ಊರಿಗೆ ಬಂದು 9 ದಿನ ಆಯ್ತು. ಮೊದಲು ಜ್ವರ, ಮೈಕೈ ನೋವು ಇತ್ತು. ಮೊನ್ನೆಯಿಂದ ಮುಖ, ಅಂಗೈಯಲ್ಲಿ ಗುಳ್ಳೆ ಎದ್ದಿವೆ. ನಮ್ಮ ಅಜ್ಜಿ "ಅಮ್ಮ ಆಗಿದೆ, ಮದ್ದು ಬೇಡ" ಅಂತ ಬೇವಿನ ಸೊಪ್ಪು ಹಾಸಿ ಮಲಗಿಸಿದ್ದಾರೆ. ಫೋಟೋ ಹಾಕಿದ್ದೇನೆ. ಮಂಕಿಪಾಕ್ಸ್ ಇರಬಹುದಾ?

ಉತ್ತರ (ಚರ್ಮರೋಗ ವೈದ್ಯೆ): ಫೋಟೋ ನೋಡಿ ಇಂಥದ್ದೇ ಅಂತ ಹೇಳಲು ಆಗುವುದಿಲ್ಲ ಮೇಡಂ. ಆದರೆ ಅಂಗೈ ನೋಡಿ ನನಗೂ ಅನುಮಾನ ಬಂತು. ಇವತ್ತೇ ತೋರಿಸಿ. ಮಂಕಿಪಾಕ್ಸಿಗೆ ಈಗ ಎಂಪಾಕ್ಸ್ ಅನ್ನುತ್ತಾರೆ, ಸಿಡುಬಿನ ಜಾತಿಯದೇ ವೈರಸ್ ಕಾಯಿಲೆ. ಸೋಂಕು ತಗುಲಿ 21 ದಿನದೊಳಗೆ ಯಾವಾಗ ಬೇಕಾದರೂ ಕಾಣಿಸಿಕೊಳ್ಳಬಹುದು.

ಸೀತಾಳೆಯ ಗುಳ್ಳೆ ಎದೆ, ಬೆನ್ನಲ್ಲಿ ಜಾಸ್ತಿ. ಅಂಗೈ, ಅಂಗಾಲಿಗೆ ಬರುವುದು ಕಡಿಮೆ. ತೆಳ್ಳಗಿನ ನೀರುಗುಳ್ಳೆ, ಸ್ವಲ್ಪ ಉಜ್ಜಿದರೂ ಒಡೆಯುತ್ತದೆ, ತುರಿಕೆ ವಿಪರೀತ. ಒಂದೇ ಜಾಗದಲ್ಲಿ ಹೊಸ ಗುಳ್ಳೆಯೂ ಒಣಗಿದ ಹಕ್ಕಳೆಯೂ ಇರುತ್ತವೆ. ಎಂಪಾಕ್ಸ್ ಗುಳ್ಳೆ ಗಟ್ಟಿ. ಗ್ಲೌಸ್ ಹಾಕಿದ ಬೆರಳಿಗೂ ಚರ್ಮದೊಳಗೆ ಕಾಳು ಹುದುಗಿದ ಹಾಗೆ ಸಿಗುತ್ತದೆ. ನಡುವೆ ಹೊಕ್ಕಳಿನಂತೆ ಸಣ್ಣ ತಗ್ಗು. ಕುತ್ತಿಗೆ, ಕಂಕುಳು, ತೊಡೆಸಂದಿಯಲ್ಲಿ ಗಡ್ಡೆ ಕಟ್ಟುವುದು ಇನ್ನೊಂದು ಸುಳಿವು.

ಹೀಗೆಲ್ಲ ಇಲ್ಲ, ಹಾಗಾಗಿ ಎಂಪಾಕ್ಸ್ ಅಲ್ಲ ಅಂತ ಮಾತ್ರ ಕೂರಬೇಡಿ. 2022ರಲ್ಲಿ ಹಲವು ದೇಶಗಳಿಗೆ ಹಬ್ಬಿದಾಗ ಎಷ್ಟೋ ಜನರಿಗೆ ಮೊದಲು ಜ್ವರವೇ ಬರಲಿಲ್ಲ. ಜನನಾಂಗ, ಗುದದ ಬಳಿ ಒಂದೆರಡು ಹುಣ್ಣು, ಅಷ್ಟೇ. ಆದ್ದರಿಂದ ಡಾಕ್ಟರು ಮೈಪೂರ್ತಿ ನೋಡಬೇಕು, ಲೈಂಗಿಕ ಸಂಬಂಧಗಳ ಬಗ್ಗೆಯೂ ಕೇಳಬೇಕು. ದಯವಿಟ್ಟು ತಮ್ಮನನ್ನು ಒಬ್ಬನೇ ಒಳಗೆ ಕಳಿಸಿ. ಅಕ್ಕನ ಎದುರು ಯಾವ ಹುಡುಗನೂ ಬಾಯಿ ಬಿಡುವುದಿಲ್ಲ, ಅಲ್ವಾ?

ಪ್ರಶ್ನೆ: ಸರಿ ಡಾಕ್ಟ್ರೇ, ಹೊರಡುತ್ತಿದ್ದೇವೆ. ದಾರಿಯಲ್ಲಿ ಲ್ಯಾಬ್ ಇದೆ, ರಕ್ತ ಕೊಟ್ಟು ಹೋಗಲಾ?

ಉತ್ತರ: ಬೇಡ, ಸುಮ್ನೆ ದುಡ್ಡು ದಂಡ. ರಕ್ತದಲ್ಲಿ ಈ ವೈರಸ್ ಹೆಚ್ಚು ದಿನ ಸಿಗುವುದಿಲ್ಲ. ಪ್ರತಿಕಾಯ (ಸೋಂಕಿನ ವಿರುದ್ಧ ದೇಹ ತಯಾರಿಸುವ ಅಂಶ) ಪರೀಕ್ಷೆಯಲ್ಲಿ ಇದೇ ಜಾತಿಯ ಬೇರೆ ವೈರಸ್ಸುಗಳೂ ಗೊಂದಲ ಮಾಡುತ್ತವೆ. ಬೇಕಾಗಿರುವುದು ಗುಳ್ಳೆಯದ್ದೇ ಮಾದರಿ. ಎರಡು ಮೂರು ಕಡೆ ಹತ್ತಿಕಡ್ಡಿಯಿಂದ ಗಟ್ಟಿಯಾಗಿ ಉಜ್ಜಿ ತೆಗೆಯುತ್ತಾರೆ, ಇಲ್ಲವೇ ಹಕ್ಕಳೆ ತೆಗೆದು, ವೈರಸ್ಸನ್ನೇ ಪತ್ತೆ ಮಾಡುವ ಪಿಸಿಆರ್‌ಗೆ ಕಳಿಸುತ್ತಾರೆ. 2025ರ ಜನವರಿಯಲ್ಲಿ ದುಬೈಯಿಂದ ಮಂಗಳೂರಿಗೆ ಬಂದವರೊಬ್ಬರಿಗೆ ಎಂಪಾಕ್ಸ್ ಅಂತ ಖಚಿತವಾಗಿದ್ದು ಪುಣೆಯ ವೈರಾಣು ಸಂಸ್ಥೆಯ ಪರೀಕ್ಷೆಯಲ್ಲೇ. ಸೀತಾಳೆ, ಸಿಫಿಲಿಸ್ (ಲೈಂಗಿಕ ಸಂಪರ್ಕದಿಂದ ಹರಡುವ ರೋಗ), ಎಚ್‌ಐವಿ ಪರೀಕ್ಷೆಯನ್ನೂ ಬರೆದರೆ ಗಾಬರಿಯಾಗಬೇಡಿ, ಬರೆಯಬೇಕಾದದ್ದೇ.

ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ. ಮಾಸ್ಕ್, ತುಂಬುತೋಳಿನ ಅಂಗಿ ಹಾಕಿಸಿ. ಕಣ್ಣು ಕೆಂಪಾಗಿದ್ದರೆ ಹೋದ ತಕ್ಷಣ ಹೇಳಿ.

ಪ್ರಶ್ನೆ: ಅಜ್ಜಿಯ ತೋಳಲ್ಲಿ ಹಳೇ ಸಿಡುಬಿನ ಲಸಿಕೆ ಕಲೆ ಇದೆ. ಅವರಿಗೆ ಬರುವುದಿಲ್ಲ ತಾನೇ?

ಉತ್ತರ: ಸ್ವಲ್ಪ ರಕ್ಷಣೆ ಇದ್ದೀತು, ಪೂರ್ತಿ ನಂಬಬೇಡಿ. ಬೇವಿನ ಸೊಪ್ಪಿನಿಂದ ಮೈ ಸವರುವುದನ್ನು ನಿಲ್ಲಿಸಲು ಹೇಳಿ. ಉದುರಿದ ಹಕ್ಕಳೆಯಲ್ಲೂ ವೈರಸ್ ಇರುತ್ತದೆ. ಆ ಸೊಪ್ಪು, ಹಾಸಿಗೆ ಬಟ್ಟೆ ಯಾವುದನ್ನೂ ಅಜ್ಜಿ ಬರಿಗೈಯಲ್ಲಿ ಮುಟ್ಟುವುದು, ಕೊಡವುವುದು ಬೇಡ.