ಸಹಾಯ ಬೇಕು: ಅಪ್ಪನ ರಿಪೋರ್ಟಲ್ಲಿ ಲಿಂಫ್ ನೋಡ್ ಬರೀ 9

ಪೆಥಾಲಜಿ, ಆಂಕಾಲಜಿ ಡಾಕ್ಟ್ರು ಯಾರಾದ್ರೂ ಇದ್ರೆ ಸ್ವಲ್ಪ ಹೇಳಿ ಪ್ಲೀಸ್. ಅಪ್ಪಂಗೆ 74, ದೊಡ್ಡ ಕರುಳಿನ ಎಡಭಾಗದ ಕ್ಯಾನ್ಸರಿಗೆ ಆಪರೇಷನ್ ಆಯ್ತು, ನಿನ್ನೆ ರಿಪೋರ್ಟ್ ಬಂತು, ಪಿಟಿ3 (ಗಡ್ಡೆ ಕರುಳಿನ ಗೋಡೆಯ ಸ್ನಾಯು ಪದರ ದಾಟಿದೆ), ಲಿಂಫ್ ನೋಡ್ (ಕ್ಯಾನ್ಸರ್ ಹರಡಬಹುದಾದ ಸಣ್ಣ ಗ್ರಂಥಿಗಳು) 0/9 ಅಂತಿದೆ, ಅಂದ್ರೆ 9 ನೋಡಿದ್ರು, ಒಂದರಲ್ಲೂ ಕ್ಯಾನ್ಸರ್ ಸಿಗಲಿಲ್ಲ. ಸೊನ್ನೆ ನೋಡಿ ಅಮ್ಮ ದೇವ್ರಿಗೆ ತುಪ್ಪದ ದೀಪ ಹಚ್ಚಿದ್ರು, ನಂಗೆ ಆ 9 ನೋಡಿ ನಿದ್ದೆ ಹೋಯ್ತು, ಯಾಕಂದ್ರೆ ಕನಿಷ್ಠ 12 ನೋಡಿದ್ರೇನೇ ಹರಡಿಲ್ಲ ಅಂತ ಧೈರ್ಯವಾಗಿ ಹೇಳ್ಬಹುದಂತೆ. ವಯಸ್ಸಾದವರಲ್ಲಿ, ಎಡಭಾಗದ ಗಡ್ಡೇಲಿ ಕಡಿಮೆ ಸಿಗುತ್ತೆ, ತೆಗೆದ ತುಂಡು ಚಿಕ್ಕದಿದ್ರೂ ಅಷ್ಟೇ ಅಂತ ಓದ್ದೆ, ಕೊಬ್ಬಲ್ಲಿ ಅಡಗಿರೋ ಸಾಸಿವೆಯಷ್ಟು ಸಣ್ಣವು ಲ್ಯಾಬಲ್ಲಿ ಕೈತಪ್ಪೋದೂ ಇದೆಯಂತೆ. ಹಾಗಾದ್ರೆ ಕೆಡದ ಹಾಗೆ ಫಾರ್ಮಲಿನ್ ದ್ರಾವಣದಲ್ಲಿಟ್ಟಿರೋ ಪೀಸನ್ನ ಇನ್ನೊಂದ್ಸಲ ಹುಡುಕಿ ಅಂತ ಕೇಳ್ಬಹುದಾ, ಎಷ್ಟು ದಿನ ಇಟ್ಟಿರ್ತಾರೆ? ನೋಡ್ ಕಡಿಮೆ ಅಂತ ಕೀಮೋ ತಗೊಂಡೋರು ಇದ್ದೀರಾ? ಸೋಮವಾರ ಡಾಕ್ಟ್ರ ಅಪಾಯಿಂಟ್ಮೆಂಟ್ ಇದೆ, ಅಷ್ಟರೊಳಗೆ ಹೇಳಿದ್ರೆ ಉಪಕಾರ ಆಗುತ್ತೆ.