ಅಪ್‌ಡೇಟ್: ಹೈಡ್ರೋಜನ್ ಲೈನ್‌ನ ಫಿಲ್ಟರ್‌ನಲ್ಲಿ ತುಕ್ಕಿನ ಪುಡಿ

ಹೊಸದಾಗಿ ಹೂತ 4 ಇಂಚಿನ ಕಾರ್ಬನ್ ಸ್ಟೀಲ್ ಲೈನ್‌ನಲ್ಲಿ ಫಿಲ್ಟರ್ ಪದೇ ಪದೇ ಕಟ್ಟಿಕೊಳ್ಳುತ್ತಿತ್ತು. ಕೆಂಪು-ಕಂದು ಪುಡಿ, ಮುಖಕ್ಕೆ ಹಚ್ಚುವ ಪೌಡರ್‌ನಷ್ಟು ನಯ. ಈ ತುಕ್ಕು ಎಲ್ಲಿಂದ ಬರುತ್ತಿದೆ, ನಿಲ್ಲಿಸುವುದು ಹೇಗೆ ಎಂದು ಇಲ್ಲಿ ಕೇಳಿದ್ದೆ.

ಕೆಲಸಕ್ಕೆ ಬಂದದ್ದು "ಮೊದಲು ನೀರು ಹುಡುಕಿ" ಎಂದವರ ಮಾತು. ಒಣ ಹೈಡ್ರೋಜನ್ ಉಕ್ಕಿಗೆ ತುಕ್ಕು ಹಿಡಿಸುವುದಿಲ್ಲ. ಅದಕ್ಕೆ ನೀರೂ ಆಮ್ಲಜನಕವೂ ಬೇಕು. ಹೈಡ್ರೋಟೆಸ್ಟ್‌ಗೆ (ಪೈಪಿಗೆ ನೀರು ತುಂಬಿ ಒತ್ತಡ ಹಾಕಿ ನೋಡುವ ಪರೀಕ್ಷೆ) ಬಳಸಿದ ನೀರು ಲೈನ್‌ನ ತಗ್ಗಿನಲ್ಲಿ ಉಳಿದಿತ್ತು. ಗ್ಯಾಸ್ ತೆಗೆದು ನೈಟ್ರೋಜನ್‌ನಿಂದ ಪರ್ಜ್ ಮಾಡಿ (ಉಳಿದದ್ದನ್ನು ಹೊರದಬ್ಬಿ), ಫೋಮ್ ಪಿಗ್ (ಪೈಪಿನೊಳಗೆ ತಳ್ಳಿ ನೀರು ಒರೆಸುವ ಸ್ಪಂಜಿನ ಉಂಡೆ) ಒಣಗಿ ಹೊರಬರುವವರೆಗೆ ಓಡಿಸಿ, ಕೊನೆಗೆ ಒಣ ನೈಟ್ರೋಜನ್ ಹಾಯಿಸಿದೆವು. ಹೊರಹೋಗುವ ತುದಿಯಲ್ಲಿ ಡ್ಯೂ ಪಾಯಿಂಟ್ (ಗ್ಯಾಸ್‌ನಲ್ಲಿರುವ ತೇವ ಹನಿಗಟ್ಟಲು ಶುರುವಾಗುವ ಉಷ್ಣಾಂಶ; ಕಡಿಮೆಯಾದಷ್ಟೂ ಒಣ) -40 ಡಿಗ್ರಿಗೆ ಇಳಿದ ಮೇಲೂ ವಾಲ್ವ್ ಮುಚ್ಚಿಟ್ಟು, ಮರುದಿನ ಮತ್ತೆ ಅಳೆಯಬೇಕು. ಏರಿದ್ದರೆ ಎಲ್ಲೋ ನೀರು ಇನ್ನೂ ಇದೆ ಎಂದೇ ಅರ್ಥ. ಈಗ ಫಿಲ್ಟರ್ ಸ್ವಚ್ಛ.

ಒಳಗೆ ಎಪಾಕ್ಸಿ ಬಳಿಯುವ ಸಲಹೆ ಕೈಬಿಟ್ಟೆವು: ವೆಲ್ಡ್ ಮಾಡಿದ ಜಾಯಿಂಟ್‌ಗಳು ಬರಿದಾಗಿಯೇ ಉಳಿಯುತ್ತವೆ, ಹೈಡ್ರೋಜನ್ ಲೇಪನದೊಳಗೂ ನುಸುಳುತ್ತದೆ. ಇನ್ಹಿಬಿಟರ್ (ತುಕ್ಕು ತಡೆಯುವ ರಾಸಾಯನಿಕ) ಹಾಕಿದರೆ ಗ್ಯಾಸ್‌ನ ಶುದ್ಧತೆ ಕೆಡುತ್ತದೆ.

ನಿರೀಕ್ಷಿಸದೇ ಸಿಕ್ಕಿದ್ದು ಹೊರಗಿನ ಕ್ಯಾಥೋಡಿಕ್ ರಕ್ಷಣೆಯಲ್ಲಿ, ಅಂದರೆ ಮಣ್ಣಿನಲ್ಲಿ ಪೈಪಿನ ಹೊರಮೈ ತುಕ್ಕು ಹಿಡಿಯದಂತೆ ಅದಕ್ಕೆ ಸಣ್ಣ ವಿದ್ಯುತ್ ಹರಿಸುವ ವ್ಯವಸ್ಥೆಯಲ್ಲಿ. ತಾಮ್ರ-ಮೈಲುತುತ್ತದ ಎಲೆಕ್ಟ್ರೋಡ್‌ಗೆ ಎದುರಾಗಿ ಆಫ್ ಪೊಟೆನ್ಶಿಯಲ್ (ಆ ವಿದ್ಯುತ್ ನಿಲ್ಲಿಸಿದ ಕೂಡಲೇ ಅಳೆದ ಪೈಪಿನ ವೋಲ್ಟೇಜ್) -1.3 ವೋಲ್ಟ್ ಇತ್ತು. ಜಾಸ್ತಿ ಇದ್ದಷ್ಟೂ ಒಳ್ಳೆಯದು ಅನ್ನುವ ಹಾಗಿಲ್ಲ: -1.2 ದಾಟಿದರೆ ಕೋಟಿಂಗ್ ಕಳಚಿದ ಜಾಗದಲ್ಲಿ ಪೈಪಿನ ಮೇಲ್ಮೈಯಲ್ಲೇ ಹೈಡ್ರೋಜನ್ ಹುಟ್ಟಿ, ಗಡಸು ವೆಲ್ಡ್‌ಗಳಲ್ಲಿ ಬಿರುಕಿಗೆ ದಾರಿ. ರೆಕ್ಟಿಫೈಯರ್ (ಆ ವಿದ್ಯುತ್ ಕೊಡುವ ಸಾಧನ) ಇಳಿಸಿ -0.95ರ ಆಸುಪಾಸಿಗೆ ತಂದಿದ್ದೇವೆ, -0.85 ದಾಟಿ ಸೊನ್ನೆಯ ಕಡೆಗೆ ಸರಿದರೆ ರಕ್ಷಣೆ ಸಾಲದು.